ಮೂಲೆಗೆ ಕೂರಿಸಿದ ಅಕ್ಕೋರು

ಎದುರಿಗಿದ್ದವರ ಮಾತು ಅರ್ಧಕ್ಕೆ ಬರುವಷ್ಟರಲ್ಲಿ ಅಂಗೈ ಎತ್ತಿ ನಿಲ್ಲಿಸುವುದು ತೊರೆಗಡದ ರಾಜ ಭೈರನಾಯಕನ ಅಭ್ಯಾಸ. ಮಂತ್ರಿಯಾದರೂ ಅಷ್ಟೆ, ರಾಣಿಯಾದರೂ ಅಷ್ಟೆ. ಉಳಿದರ್ಧ ತನಗೆ ಗೊತ್ತೇ ಇದೆ ಎಂದು ಅವನ ನಂಬಿಕೆ.

ಸಂಕ್ರಾಂತಿ ಹತ್ತಿರವಿತ್ತು. ಶಾಲೆಯಿಂದ ಓಡಿ ಬಂದ ಮಗಳು ಮುದ್ದಾಜಿ, "ಅಪ್ಪಾಜಿ, ಇವತ್ತು ಅಕ್ಕೋರು ನನ್ನನ್ನ ಮೂಲೇಲಿ ಕೂರಿಸಿದ್ರು, ಆಮೇಲೆ..." ಎಂದಳು. ಅಂಗೈ ಎದ್ದಿತು. ಮಾರನೇ ದಿನ ಊರಲ್ಲಿ ಡಂಗುರ ಹೊಡೆಸಿದರು.

"ಕೇಳಿರಪ್ಪಾ ಕೇಳಿ. ಆರು ವರ್ಷದ ರಾಜಕುಮಾರಿಯನ್ನು ಮೂಲೆಗೆ ಕೂರಿಸಿ ಅವಮಾನ ಮಾಡಿದ, ಶಾಲೆಯಲ್ಲಿ ಪಾಠ ಹೇಳುವ ಚಂಪಕ್ಕನಿಗೆ ಮರಣದಂಡನೆ. ಹಬ್ಬದ ದಿನ ಮಹಾರಾಜರು ಮೂರು ಒಗಟು ಕೇಳುತ್ತಾರೆ. ಬಿಡಿಸಿದವರಿಗೆ ಅವಳ ಜೀವವೂ ಸಿಗುತ್ತದೆ, ಶಾಲೆಯೂ ಅದರ ತೋಟವೂ ಸಿಗುತ್ತವೆ. ತಪ್ಪಿದವರ ತಲೆ ಹೋಗುತ್ತದೆ."

ಒಗಟಿನ ಮಾತು ಸೇರಿದ್ದು ರಾಣಿ ಕಾಲು ಹಿಡಿದು ಬೇಡಿಕೊಂಡಿದ್ದಕ್ಕೆ. ರಾಜ ಇದನ್ನು ಕರುಣೆ ಎಂದು ಕರೆದ.

ಚಂಪಕ್ಕನಿಗೆ ಹೊನ್ನಿ ಎಂಬ ತಂಗಿ. ನಾಲ್ಕು ಜನರೆದುರು ಬಾಯಿ ಬಿಡದ ಹುಡುಗಿ, ಹೆಸರು ಕೇಳಿದರೂ ಅಕ್ಕನ ಮುಖ ನೋಡುವವಳು. ಡಂಗುರ ಕೇಳಿದಾಗ ಅವಳಿಗೆ ಅಳು ಬರಲಿಲ್ಲ. ಸಿಟ್ಟು ಬಂತು. ಹಬ್ಬದ ಬೆಳಿಗ್ಗೆ ತಲೆಗೆ ಎಣ್ಣೆಯನ್ನೂ ಹಚ್ಚದೆ ಅರಮನೆಗೆ ಹೋಗಿ ಕಂಬದ ಮರೆಯಲ್ಲಿ ನಿಂತಳು.

ಮೊದಲು ಮುಂದೆ ಬಂದವರು ಆಸ್ಥಾನದ ವೆಂಕಣ್ಣ ಪಂಡಿತರು. ಅವರಿಗೆ ಶಾಲೆಯ ಮೇಲೆ ಬಹಳ ದಿನದಿಂದ ಕಣ್ಣಿತ್ತು.

"ಮೈತುಂಬ ಕಣ್ಣು, ಆದರೂ ಕುರುಡು. ಬಾಗಿಲಲ್ಲೇ ಮಲಗುತ್ತದೆ. ಸಂಜೆಗೆ ಸತ್ತರೆ ಬೆಳಿಗ್ಗೆ ಹುಟ್ಟುತ್ತದೆ. ಏನದು?" ಎಂದು ರಾಜ ಕೇಳಿದ.

"ಮೈತುಂಬ ಕಣ್ಣೆಂದರೆ ದೇವೇಂದ್ರನೇ, ಪ್ರಭು."

"ದೇವೇಂದ್ರ ಬಂದು ನನ್ನ ಬಾಗಿಲಲ್ಲಿ ಮಲಗುತ್ತಾನೇನಯ್ಯ?"

ಸಭೆ ನಕ್ಕಿತು. ಪಂಡಿತರೂ ನಕ್ಕರು. ಆ ನಗು ಮುಗಿಯುವ ಮೊದಲೇ ಭಟರು ಅವರನ್ನು ಎಳೆದೊಯ್ದರು. ಸ್ವಲ್ಪ ಹೊತ್ತಿಗೆ ಹೊರಗೆ ತಮಟೆ ಬಡಿದು ನಿಂತಿತು. ಪಂಡಿತರು ಇನ್ನಿಲ್ಲ ಎಂದು ಎಲ್ಲರಿಗೂ ತಿಳಿಯಿತು.

ಆಮೇಲೆ ಬಂದವನು ಎಣ್ಣೆ ವ್ಯಾಪಾರಿಯ ಮಗ ಸಿದ್ದೇಶ. ಅವನಿಗೆ ಬೇಕಾಗಿದ್ದು ತೋಟ. "ಅದು ರಂಗೋಲಿ. ಚುಕ್ಕಿಗಳೇ ಕಣ್ಣು. ನಮ್ಮವ್ವ ದಿನಾ ಬಾಗಿಲಿಗೆ ಬಿಡ್ತಾಳೆ," ಎಂದು ಮೊದಲನೆಯದನ್ನು ಗೆದ್ದ.

"ಸರಿ. ಆನೆಯಾಗುತ್ತದೆ, ಗಿಳಿಯಾಗುತ್ತದೆ, ಗೋಪುರವಾಗುತ್ತದೆ. ನಾಲಿಗೆಗೆ ಬಂದರೆ ಎಲ್ಲ ಒಂದೇ. ಏನದು?"

"ಮಾತು, ಪ್ರಭು. ಮಾತಲ್ಲಿ ಆನೆಯನ್ನೂ ಕಟ್ಟಬಹುದು, ಗೋಪುರವನ್ನೂ ಕಟ್ಟಬಹುದು."

"ಚೆನ್ನಾಗಿದೆ. ತಪ್ಪು."

ತಲೆ ಕಡಿಯುವವನು ಊಟಕ್ಕೆ ಹೋಗಿದ್ದರಿಂದ ಸಿದ್ದೇಶನನ್ನು ಅಲ್ಲೇ ಕಂಬಕ್ಕೆ ಕಟ್ಟಿದರು.

ಹೊನ್ನಿ ಮುಂದೆ ಬಂದಳು.

"ಸಕ್ಕರೆ ಅಚ್ಚು," ಎಂದಳು. "ಹಬ್ಬಕ್ಕೆ ಆನೆ, ಗಿಳಿ, ಗೋಪುರದ ಅಚ್ಚಲ್ಲಿ ಪಾಕ ಹುಯ್ತಾರಲ್ಲ, ಅದು. ರಂಗೋಲಿ ಆಗಲೇ ಆಯ್ತು. ಮೂರನೆಯದು ಕೇಳಿ."

ಅವಳು ಪ್ರಭು ಎನ್ನಲಿಲ್ಲ. ರಾಜನ ಹುಬ್ಬು ಗಂಟಾಯಿತು.

"ಮನೆಯಲ್ಲಿ ಅಲ್ಲಿಗೆ ಕಳಿಸಿದರೆ ಮಗು ಅಳುತ್ತದೆ. ಶಾಲೆಯಲ್ಲಿ ಅಲ್ಲಿಗೆ ಕಳಿಸದಿದ್ದರೆ ಅಳುತ್ತದೆ. ಯಾವುದು ಆ ಜಾಗ?"

"ಇದರ ಉತ್ತರ ನಿಮಗೆ ಗೊತ್ತಾ?"

ರಾಜನಿಗೆ ಗೊತ್ತಿರಲಿಲ್ಲ. ಮೂರೂ ಒಗಟು ಮಗಳು ಹೇಳಿದ್ದು. ಮೂರನೆಯದಕ್ಕೆ ಅವಳು ಉತ್ತರ ಹೇಳಹೊರಟಾಗ ಇವನ ಅಂಗೈ ಎದ್ದಿತ್ತು.

"ಮೂಲೆ," ಎಂದಳು ಹೊನ್ನಿ.

"ಮೂಲೆ ಅಂದರೆ ಶಿಕ್ಷೆ. ಕಳಿಸದಿದ್ದರೆ ಯಾರು ಅಳ್ತಾರೆ?"

"ನಿಮ್ಮ ಮಗಳು. ಹಬ್ಬ ಬಂದರೆ ನಮ್ಮಕ್ಕ ಕೋಣೆಯ ಒಂದೊಂದು ಮೂಲೇಲಿ ಒಂದೊಂದು ಕೆಲಸ ಇಡ್ತಾಳೆ. ಒಂದು ಕಡೆ ಚುಕ್ಕಿ ಎಣಿಸಿ ರಂಗೋಲಿ ಬಿಡಬೇಕು. ಒಂದು ಕಡೆ ಕಬ್ಬಿನ ತುಂಡನ್ನ ಗಿಡ್ಡದ್ದರಿಂದ ಉದ್ದಕ್ಕೆ ಜೋಡಿಸಬೇಕು. ಒಂದು ಕಡೆ ಸಕ್ಕರೆ ಅಚ್ಚು ನೋಡಿ ಅದರ ಹೆಸರು ಬರೀಬೇಕು. ಇನ್ನೊಂದು ಒಗಟಿನ ಮೂಲೆ. ಅಲ್ಲಿ ಕೂತವರು ಒಗಟು ಕಟ್ಟಬೇಕು. ನೀವು ಸಿಂಹಾಸನದ ಮೇಲೆ ಕೂತು ಕೇಳಿದ್ದೆಲ್ಲ ಅಲ್ಲಿ ಹುಟ್ಟಿದ್ದು. ಹಾಲುಹಲ್ಲಿನ ಮಕ್ಕಳು ಆಟಕ್ಕೆ ಕಟ್ಟಿದ ಒಗಟಿಗೆ ನೀವು ಒಬ್ಬರ ತಲೆ ತೆಗೆದಿರಿ. ನಮ್ಮಕ್ಕನ ತಲೆಗೂ ಕತ್ತಿ ಮಸೆಸಿದಿರಿ."

ರಾಜ ಪಕ್ಕದಲ್ಲಿ ಕೂತಿದ್ದ ಮಗಳ ಕಡೆ ತಿರುಗಿದ.

"ಹೌದು ಅಪ್ಪಾಜಿ," ಎಂದಳು ಮುದ್ದಾಜಿ. "ಒಗಟಿನ ಮೂಲೆ ನನಗೇ ಬೇಕು ಅಂತ ಹಟ ಮಾಡಿದ್ದೆ. ಅಳ್ತಾನೂ ಇದ್ದೆ. ಅದಕ್ಕೆ ಅಕ್ಕೋರು ಕೂರಿಸಿದ್ರು. ಅದನ್ನೇ ಹೇಳೋಕೆ ಬಂದಿದ್ದೆ."

ರಾಜ ಮೆಲ್ಲಗೆ ಅಪ್ಪಣೆ ಕೊಟ್ಟ. ಸಿದ್ದೇಶನ ಕಟ್ಟು ಬಿಚ್ಚಿದರು. ಅವನು ಚಪ್ಪಲಿಯನ್ನೂ ಹುಡುಕದೆ ಓಡಿದ. ಸೆರೆಮನೆಯಿಂದ ಚಂಪಕ್ಕನನ್ನು ಕರೆತಂದರು. ಅವಳ ಮಣಿಕಟ್ಟಿನಲ್ಲಿ ಸರಪಳಿಯ ಗಾಯವಿತ್ತು.

"ನೀನಾ ಮಾತಾಡಿದ್ದು?" ಎಂದು ತಂಗಿಯನ್ನು ಕೇಳಿದಳು. ಹೊನ್ನಿ ತಲೆಯಾಡಿಸಿದಳು.

ಶಾಲೆ, ತೋಟ ಎರಡೂ ಹೊನ್ನಿಯವು ಎಂದು ಮಂತ್ರಿ ಸಾರಿದ. ರಾಜ ಬೆಳ್ಳಿ ತಟ್ಟೆಯಲ್ಲಿ ಎಳ್ಳು ಬೆಲ್ಲ ತರಿಸಿ ತಾನೇ ಎದ್ದು ಬಂದ.

"ಆದದ್ದು ಆಯಿತು. ಹಬ್ಬದ ದಿನ. ಎಳ್ಳು ಬೆಲ್ಲ ತಿಂದು ಒಳ್ಳೆ ಮಾತಾಡಮ್ಮ."

"ತಿಂದರೆ ಒಳ್ಳೆ ಮಾತಾಡಬೇಕಾಗುತ್ತೆ," ಎಂದಳು ಹೊನ್ನಿ. "ಶಾಲೆ ತಗೊಳ್ತೀನಿ, ಅದು ಮಕ್ಕಳದು. ತೋಟ ಪಂಡಿತರ ಹೆಂಡತಿಗೆ ಕೊಡಿ. ಈ ತಟ್ಟೆಯನ್ನೂ ಮೊದಲು ಅವರ ಮನೆಗೆ ತಗೊಂಡು ಹೋಗಿ ಬೀರಿ. ಆ ತಾಯಿ ಕೈ ಚಾಚಿದರೆ ಆಮೇಲೆ ನಮ್ಮನೆಗೆ ಬನ್ನಿ."

ಅಕ್ಕನ ಕೈ ಹಿಡಿದು ಮೆಟ್ಟಿಲು ಇಳಿಯತೊಡಗಿದಳು. ರಾಜ ತಟ್ಟೆ ಹಿಡಿದು ಹೊಸ್ತಿಲವರೆಗೂ ಹಿಂದೆ ಬಂದ.

"ಒಂದು ಕಾಳಾದರೂ ಬಾಯಿಗೆ ಹಾಕ್ಕೊಳ್ಳಮ್ಮ," ಎಂದ.