ಗದ್ದುಗೆಗೆ ಹೊದಿಸಿದ ಮೊದಲ ನೇಯ್ಗೆ

ಕಲ್ಗುಡಿಯ ನೇಕಾರರ ಓಣಿಯ ಕೊನೆಗೆ ಪೂಜ್ಯ ಚನ್ನಮಲ್ಲಜ್ಜನವರ ಮಠವಿತ್ತು. ಮಠವೆಂದರೆ ಮಣ್ಣಿನ ಮಾಳಿಗೆಯ ಎರಡು ಖೋಲಿ. ಒಂದರಲ್ಲಿ ಅವರ ಗುರುಗಳ ಗದ್ದುಗೆ, ಇನ್ನೊಂದರಲ್ಲಿ ಕುಣಿಮಗ್ಗ. ಅಜ್ಜನವರು ಕುಣಿಯಲ್ಲಿ ಕಾಲು ಇಳಿಬಿಟ್ಟು ಇಳಿಹೊತ್ತಿನವರೆಗೆ ನೇಯುತ್ತಿದ್ದರು. ದರ್ಶನಕ್ಕೆ ಬಂದವರೊಡನೆ ಕೈ ನಿಲ್ಲಿಸದೆ ಮಾತಾಡುತ್ತಿದ್ದರು. ಬೆಳಕಿಂಡಿಯ ಬಿಸಿಲುಕೋಲು ಮಗ್ಗದ ಮೇಲೆ ಮೆಲ್ಲಗೆ ಸರಿಯುತ್ತಿತ್ತು. ಅಲ್ಲಿ ಕುಳಿತರೆ ಹೊತ್ತು ಹೋದದ್ದೇ ತಿಳಿಯುತ್ತಿರಲಿಲ್ಲವೆಂದು ಹಿರಿಯರು ಈಗಲೂ ನೆನೆಯುತ್ತಾರೆ.

ಆಷಾಢದ ಕೊನೆಯ ದಿನ ಮಧ್ಯಾಹ್ನ, ವೀರಭದ್ರಯ್ಯ ಶಾಸ್ತ್ರಿಗಳು ಪುರಾಣದ ಪುಸ್ತಕವನ್ನು ಮಡಿಬಟ್ಟೆಯಲ್ಲಿ ಸುತ್ತಿಕೊಂಡು ಬಂದರು. ಊರ ಶಾಲೆಯಲ್ಲಿ ಮಾಸ್ತರಿಕೆ ಮಾಡಿ ನಿವೃತ್ತರಾದವರು, ಮೂವತ್ತು ಶ್ರಾವಣ ಇದೇ ಮಠದಲ್ಲಿ ಪುರಾಣ ಓದಿದವರು. ಈ ವರ್ಷ ಗಂಟಲು ಕೈಕೊಟ್ಟಿತ್ತು. ಗಟ್ಟಿಯಾಗಿ ಓದಕೂಡದೆಂದು ಡಾಕ್ಟರು ಹೇಳಿದ್ದರು.

"ಅಜ್ಜಾರ, ಪುಸ್ತಕ ಗದ್ದುಗಿ ಮುಂದ ಇಟ್ಟು ಹೋಗ್ತೀನ್ರಿ. ಇನ್ನ ಓದವರು ಯಾರೂ ಇಲ್ಲ," ಎಂದರು.

"ಊರಾಗ ಹುಡುಗ್ರು ಭಾಳ ಅದಾರಲ್ಲ?"

"ಅವರ ನಾಲಿಗ್ಯಾಗ ಕನ್ನಡ ಎಲ್ಲೈತ್ರಿ? ನಾಕು ಮಾತಾಡಿದ್ರ ಮೂರು ಇಂಗ್ಲಿಷು, ಉಳಿದದ್ದೊಂದು ಅಡ್ನಾಡಿ. ಅವರ ಬಾಯಾಗ ಪುರಾಣ ಕೊಡೂದಂದ್ರ ದೇವರಿಗೆ ಎಂಜಲ ಎಡಿ ಇಟ್ಟಂಗ."

ಅಜ್ಜನವರು ಲಾಳಿ ಎಸೆದರು, ಹಿಡಿದರು. "ಮನ್ಯಾಗ ಮೊಮ್ಮಗಳು ಅದಾಳಲ್ಲ?"

ಶಾಸ್ತ್ರಿಗಳು ತಲೆ ತಗ್ಗಿಸಿದರು. ಮಾತು ಬಲ್ಲವನಿಗೆ ಜಗಳವಿಲ್ಲ ಎನ್ನುತ್ತಾರೆ. ಮಾತು ಬಲ್ಲ ಶಾಸ್ತ್ರಿಗಳ ಮನೆಯಲ್ಲೂ ಜಗಳವಿರಲಿಲ್ಲ, ಏಕೆಂದರೆ ಮಾತೇ ಇರಲಿಲ್ಲ. ಮೊಮ್ಮಗಳು ಕಸ್ತೂರಿ ಸೊಲ್ಲಾಪುರದಲ್ಲಿ ಬೆಳೆದು ಎರಡು ವರ್ಷದ ಹಿಂದೆ ಬಂದವಳು. ಮರಾಠಿ, ಇಂಗ್ಲಿಷು, ಕನ್ನಡ ಎಲ್ಲ ಕಲಸಿ ದಿನವಿಡೀ ವಟವಟ ಎನ್ನುತ್ತಿದ್ದಳು. ಶಾಸ್ತ್ರಿಗಳು ಮೊಸರಲ್ಲಿ ಕಲ್ಲು ಹುಡುಕಿದಂತೆ ಅವಳ ಪ್ರತಿ ಮಾತಲ್ಲೂ ತಪ್ಪು ಹುಡುಕಿದರು, ಅರ್ಧಕ್ಕೇ ತಡೆದು ಮತ್ತೆ ಹೇಳಿಸಿದರು. ಪ್ರೀತಿಯಿಂದಲೇ ಮಾಡಿದರು, ಪಾಪ. ಆರು ತಿಂಗಳಲ್ಲಿ ಹುಡುಗಿ ಅವರೆದುರು ಬಾಯಿ ತೆರೆಯುವುದನ್ನೇ ಬಿಟ್ಟಳು. ಈಗ ರೊಟ್ಟಿ ಬಡಿಸುತ್ತಾಳೆ, ಕನ್ನಡಕ ಒರೆಸಿಕೊಡುತ್ತಾಳೆ, ಕೇಳಿದ್ದಕ್ಕೆ ತಲೆಯಾಡಿಸುತ್ತಾಳೆ. ಗೆಳತಿಯರೊಡನೆ ಕಟ್ಟೆಯ ಮೇಲೆ ನಗುತ್ತಿದ್ದರೂ ಇವರ ಚಪ್ಪಲಿ ಸದ್ದಿಗೆ ಆ ನಗು ನಿಂತುಹೋಗುತ್ತದೆ.

"ಅಕಿ ನನ್ ಕೂಡ ಮಾತಾಡದ ಒಂದೂವರಿ ವರ್ಷ ಆತ್ರಿ," ಎಂದರು ಶಾಸ್ತ್ರಿಗಳು.

ಅಜ್ಜನವರು ಕುಣಿಯಿಂದ ಮೇಲೆದ್ದರು. "ಬರ್ರಿ, ನೀವು ಕೂಡ್ರಿ."

ನೇಯ್ಗೆಯ ಗಂಧವಿಲ್ಲದ ಶಾಸ್ತ್ರಿಗಳು ಅಂಜುತ್ತಲೇ ಕುಳಿತರು. ಲಾಳಿ ಎಸೆದರು, ಎಳೆ ಹರಿಯಿತು. ಅಜ್ಜನವರು ಬೆರಳಿಗೆ ಬೂದಿ ಹಚ್ಚಿಕೊಂಡು ಹರಿದ ತುದಿಗಳನ್ನು ಹೊಸೆದು ಕೂಡಿಸಿದರು. ಶಾಸ್ತ್ರಿಗಳು ಮತ್ತೆ ಎಸೆದರು, ಮತ್ತೆ ಹರಿಯಿತು. ಅದೇ ಬೂದಿ, ಅದೇ ಬೆರಳು. ಆಮೇಲೆ ಶಾಸ್ತ್ರಿಗಳೂ ಬೂದಿ ಮುಟ್ಟಿ ಹೊಸೆಯತೊಡಗಿದರು. ಒಂದು ಮಾತಿಲ್ಲ. ಬಿಸಿಲುಕೋಲು ಗೋಡೆಯತ್ತ ಸರಿಯಿತು. ಮಗ್ಗದ ಸದ್ದಿನಲ್ಲಿ ಶಾಸ್ತ್ರಿಗಳಿಗೆ ಮಂಪರು ಕವಿದಂತಾಗಿ, ತಾವು ಐದು ವರ್ಷದ ಕೂಸಾಗಿ ಅವ್ವನ ಮಗ್ಗುಲಲ್ಲಿ ಕುಳಿತಂತೆ ಕಂಡಿತು. ತೊದಲುತ್ತ ಏನೋ ಹೇಳುತ್ತಿದ್ದರು. ಅವ್ವ ನಗುತ್ತ ಹೂಂ, ಹೂಂ ಎನ್ನುತ್ತಿದ್ದಳು. ಮಂಪರು ತಿಳಿದು ನೋಡಿದಾಗ ಅವರ ಕೈಯಲ್ಲೇ ಗೇಣುದ್ದ ಬಟ್ಟೆಯಾಗಿತ್ತು, ಮೈತುಂಬ ಗಂಟು.

"ಇಷ್ಟು ಸಲ ಹರಿದೆ. ಒಂದು ಸಲಾನೂ ಬೈಲಿಲ್ಲಲ್ರಿ," ಎಂದರು ನಾಚಿಕೆಯಿಂದ.

"ಬೈದ್ರ ಎಳಿ ಕೂಡೂದಿಲ್ಲ," ಎಂದರು ಅಜ್ಜನವರು.

ಅಷ್ಟೇ ಹೇಳಿ, ಆ ಗೇಣು ಬಟ್ಟೆಯನ್ನು ಕತ್ತರಿಸಿ ತೆಗೆದು ಗದ್ದುಗೆಯ ಮೇಲೆ ಹೊದಿಸಿದರು. ಹೊಸದಾಗಿ ಕಲಿಯುವವರ ಮೊದಲ ನೇಯ್ಗೆ ಎಷ್ಟೇ ಕೆಟ್ಟಿರಲಿ, ಅದು ಗುರುವಿಗೇ ಸಲ್ಲಬೇಕೆಂಬುದು ಆ ಓಣಿಯ ಪದ್ಧತಿ. ಶಾಸ್ತ್ರಿಗಳು ಮೂವತ್ತು ವರ್ಷ ಆ ಗದ್ದುಗೆಯ ಬಟ್ಟೆಯನ್ನು ಕಣ್ಣಿಗೊತ್ತಿಕೊಂಡಿದ್ದರು. ಅದೂ ಹಿಂದೆ ಕಲಿತವರ ಮೊದಲ ನೇಯ್ಗೆಯೇ. ಅದರ ಗಂಟುಗಳನ್ನು ನೋಡಿದ್ದು ಅಂದೇ. ಅಲ್ಲೇ ಕುಳಿತು ಅತ್ತುಬಿಟ್ಟರು.

ಪುಸ್ತಕವನ್ನು ಗದ್ದುಗೆಗೆ ಒಪ್ಪಿಸದೆ ಮನೆಗೆ ತಂದು, ಮೊಮ್ಮಗಳ ಮುಂದಿಟ್ಟರು. "ನನ್ನ ಗಂಟಲ ಹೋಗೈತಿ. ನಾಳೆ ಮಠದಾಗ ನೀ ಓದ್ತಿಯೇನವ್ವಾ? ನಾ ನಡುವ ಬಾಯಿ ಹಾಕಂಗಿಲ್ಲ." ಕಸ್ತೂರಿ ಅವರ ಬೆರಳಿಗೆ ಹತ್ತಿದ ಬೂದಿಯನ್ನೇ ನೋಡಿದಳು. ಪುಸ್ತಕವನ್ನು ಎರಡೂ ಕೈಯಿಂದ ಎತ್ತಿಕೊಂಡಳು.

ಮರುದಿನ ಶ್ರಾವಣದ ಮೊದಲ ಪುರಾಣ. ಹುಡುಗಿ ಎಡವುತ್ತ, ಮರಾಠಿಯ ರಾಗದಲ್ಲಿ ಓದತೊಡಗಿದಳು. ಹಿಂದೆ ಯಾರೋ ಕಿಸಕ್ಕೆಂದರು. ಶಾಸ್ತ್ರಿಗಳ ಬಾಯಿ ಹಳೆಯ ಚಾಳಿಯಿಂದ ಅರ್ಧ ತೆರೆಯಿತು. ಅವರು ಹೆಬ್ಬೆರಳನ್ನೂ ತೋರುಬೆರಳನ್ನೂ ಬೂದಿಯಿದ್ದಂತೆ ಹೊಸೆದುಕೊಂಡು, ಬಾಯಿ ಮುಚ್ಚಿ ತಲೆಯಾಡಿಸಿದರು. ಅವಳು ಎಡವಿದಳು, ಸಾವರಿಸಿಕೊಂಡಳು, ಮುಂದೆ ಹೋದಳು. ಒಂದು ಕಡೆ ಮಾತ್ರ ತೀರಾ ನಿಂತುಬಿಟ್ಟಳು. ಅಜ್ಜನವರು ಕಣ್ಣು ಮುಚ್ಚಿ ಕುಳಿತಿದ್ದರು.

ಕಸ್ತೂರಿ ಪುಸ್ತಕ ಹಿಡಿದುಕೊಂಡೇ ಶಾಸ್ತ್ರಿಗಳತ್ತ ವಾಲಿದಳು. "ಮುತ್ಯಾ, ಇದನ್ನ ಹೆಂಗ ಓದೂದು?"

ಆ ಸಾಲು ಶಾಸ್ತ್ರಿಗಳಿಗೆ ಮೂವತ್ತು ವರ್ಷದಿಂದ ಬಾಯಿಪಾಠ. ಆದರೂ ಹೇಳಿಕೊಡಲು ಅವರಿಗೆ ಬಹಳ ಹೊತ್ತು ಹಿಡಿಯಿತು.