ಸಾಲು ಬಿಟ್ಟ ಎತ್ತು

ಹೊಳೆಗೂ ಹೊಲಕ್ಕೂ ಒಡೆಯನಾದ ಶಿವನಿಗೆ ಶರಣೆಂದು, ಕೇಳಿದ್ದನ್ನು ಕೇಳಿದಂತೆ ಹೇಳುತ್ತೇನೆ.

ಹೊಳೆದಂಡೆಯ ಮಠದಲ್ಲಿ ಕಲ್ಲಯ್ಯಜ್ಜ ಎಂಬ ಗುರುಗಳಿದ್ದರು. ಮಠದ ಹೊಲವನ್ನು ತಾವೇ ಉಳುತ್ತಿದ್ದರು.

ಅವರ ಶಿಷ್ಯೆ ಚಂಪವ್ವ ಶಾಲೆಯಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತಳಾದವಳು. ಮಠಕ್ಕೆ ಬಂದ ದಿನವೇ ಗುರುಗಳ ಪಾದ ಮುಟ್ಟಿ, ಇನ್ನು ಸುಳ್ಳಾಡುವುದಿಲ್ಲವೆಂದು ವ್ರತ ಹಿಡಿದಿದ್ದಳು.

ಜೊತೆಗೆ ಕರೆತಂದಿದ್ದ ಹಣ್ಣುಮುದುಕಿ ತಾಯಿಗೆ ಜ್ವರ ಬಂತು. ಮಾತು ಅಡ್ಡಾದಿಡ್ಡಿಯಾಯಿತು. ಮಗಳನ್ನು ಕಂಡರೆ, ಎಂದೋ ತೀರಿಹೋದ ತನ್ನ ಅಕ್ಕ ನೀಲಮ್ಮನೆಂದು ಕೈಹಿಡಿದು, ಉಣಿಸು ಎನ್ನುವಳು. ನಾನು ನಿನ್ನ ಮಗಳು ಎಂದು ಚಂಪವ್ವ ತಿದ್ದಿದೊಡನೆ ಬಾಯಿ ಬಿಗಿಹಿಡಿದು ಗೋಡೆಗೆ ಮುಖ ತಿರುಗಿಸುವಳು.

ಎರಡು ದಿನದಿಂದ ಒಂದು ಗುಟುಕು ಗಂಜಿ ಇಳಿದಿರಲಿಲ್ಲ. ಹೊಟ್ಟೆಗೆ ಏನಾದರೂ ಹೋಗದಿದ್ದರೆ ಉಳಿಯುವುದು ಕಷ್ಟ ಎಂದರು ಡಾಕ್ಟರು. ಚೀಟಿಯಲ್ಲಿ ಈ ಸನ್ನಿಗೆ ‘ಡಿಲಿರಿಯಮ್’ ಎಂದು ಬರೆದರು.

ಚಂಪವ್ವ ನಿಘಂಟು ತೆಗೆದು ನೋಡಿದಳು. ಗೊಂದಲ ಇನ್ನಷ್ಟು ಹೆಚ್ಚಿತು. ಗಂಜಿಯ ತಂಬಿಗೆ ಹಿಡಿದುಕೊಂಡೇ ಅಜ್ಜ ಉಳುತ್ತಿದ್ದ ಹೊಲಕ್ಕೆ ನಡೆದಳು.

“ಅಜ್ಜಾರ, ಆ ಶಬ್ದ ಹುಟ್ಟಿದ್ದು ಲ್ಯಾಟಿನ್‌ದಾಗಂತ. ‘ಲೀರಾ’ ಅಂದ್ರ ನೇಗಿಲ ಸಾಲು. ಸಾಲು ಬಿಟ್ಟು ಸರಿಯೋದಕ್ಕ ಆ ಹೆಸರು. ನಮ್ಮವ್ವನ್ನ ಸಾಲಿಗೆ ತರೋದು ಹೆಂಗ್ರಿ?”

“ಬೇರು ಸಿಕ್ಕೈತಿ, ಮದ್ದು ಸಿಕ್ಕಿಲ್ಲ, ಅಲ್ಲನು?” ಅಜ್ಜ ನಕ್ಕರು.

ಅಷ್ಟರಲ್ಲಿ ಹೊಸ ಎತ್ತು ಏನನ್ನೋ ಕಂಡು ಬೆದರಿತು. ಜೊತೆಯದನ್ನೂ ನೇಗಿಲನ್ನೂ ಎಳೆದುಕೊಂಡು ಬದುವಿನ ಕಡೆ ಸರಿದು ನಿಂತಿತು.

ಕರೆದು ನೋಡು ಎಂದರು ಅಜ್ಜ.

ಚಂಪವ್ವ ಸಾಲಿನಲ್ಲೇ ನಿಂತು ಕರೆದಳು, ಗದರಿಸಿದಳು. ಎತ್ತು ಕಿವಿ ನಿಮಿರಿಸಿ ನಡುಗಿತೇ ಹೊರತು ಹೆಜ್ಜೆ ಕಿತ್ತಿಡಲಿಲ್ಲ.

ಅಜ್ಜ ಸಾಲು ದಾಟಿ ಹೋದರು. ಎತ್ತು ನೋಡುತ್ತಿದ್ದ ಕಡೆಗೇ ತಾವೂ ಮುಖ ಮಾಡಿ, ಅದರ ಕೊರಳು ನೇವರಿಸುತ್ತ ನಿಂತರು. ಬಹಳ ಹೊತ್ತು ನಿಂತರು. ಆಮೇಲೆ ಬದುವಿನ ಹುಲ್ಲು ಕಿತ್ತು ಒಡ್ಡಿದರು.

ಎತ್ತು ತಿಂದಿತು.

ಚಂಪವ್ವ ಕೈಯಲ್ಲಿದ್ದ ತಂಬಿಗೆಯನ್ನು ನೋಡಿದಳು. “ಅವ್ವ ನೀಲಕ್ಕಾ ಅಂದ್ರ ನಾ ಓ ಅನ್ನಲೇನ್ರಿ? ನನ್ನ ವ್ರತ? ಅದು ಸುಳ್ಳಲ್ಲೇನ್ರಿ ಅಜ್ಜಾರ?”

“ನನಗೂ ತಿಳೀವಲ್ದು ಯವ್ವಾ. ಗಂಜಿ ಆರಾಕತ್ತೈತಿ. ಆಕಿ ಎಲ್ಲಿ ಅದಾಳೋ ಅಲ್ಲಿಗೆ ಒಯ್ಯಿ.”

ಕೇಳಿದ ನಿಮ್ಮೆಲ್ಲರ ಮನೆಯಲ್ಲಿ ಉಣ್ಣುವವರಿಗೆ ಹಸಿವನ್ನೂ ಉಣಿಸುವವರಿಗೆ ತಾಳ್ಮೆಯನ್ನೂ ಶಿವನು ಕರುಣಿಸಲಿ.