ಬಣ್ಣ ಉದುರಿಸಿದ ಪರದೆ

ಓಟಗಾರ್ತಿ ಮಂದಾಕಿನಿಯ ಕಣ್ಣೊಳಗೆ, ಪಾಪೆಯ ಸುತ್ತ, ಒಂದು ಕಂದು ಪರದೆಯಿತ್ತು. ಅವಳು ಓಡಿದಾಗಲೆಲ್ಲ ಅದು ಹಿಂದಿನ ಮಸೂರಕ್ಕೆ ಉಜ್ಜಿಕೊಂಡು ಬಣ್ಣದ ಪುಡಿ ಉದುರಿಸುತ್ತಿತ್ತು. ಆಗ ಅವಳಿಗೆ ದೀಪಗಳ ಸುತ್ತ ಬಣ್ಣದ ಬಳೆಗಳು ತೇಲುವಂತೆ ಕಾಣುತ್ತಿದ್ದವು.

"ಎಂಥ ಚೆಲುವು ನನ್ನದು!" ಎಂದು ಪರದೆ ಮೈಮರೆಯಿತು.

"ನಿನ್ನ ಪುಡಿ ನನ್ನ ಕಿಂಡಿಗಳನ್ನು ಮುಚ್ಚಿದೆ. ಕಣ್ಣಿನ ನೀರಿಗೆ ಹೊರದಾರಿಯಿಲ್ಲ, ಒತ್ತಡ ಏರುತ್ತಿದೆ," ಎಂದಿತು ನೀರು ಸೋಸುವ ಜಾಲರಿ.

ಪರದೆ ನಕ್ಕುಬಿಟ್ಟಿತು. ಆಗ ಹಿಂದಿನಿಂದ ನೋಟದ ನರ ಮೆಲ್ಲಗೆ ಹೇಳಿತು: "ಅಕ್ಕಾ, ಆ ಒತ್ತಡಕ್ಕೆ ನನ್ನದೊಂದು ಎಳೆ ಸತ್ತಿತು. ಅದು ಮತ್ತೆ ಹುಟ್ಟುವುದಿಲ್ಲ."

ಮಂದಾಕಿನಿಯ ಕಣ್ಣು ಪರೀಕ್ಷಿಸಿದ ವೈದ್ಯೆ ಕಳಿಸಿದ ಲೇಸರ್ ಕಿರಣ ಬಂದು, "ನಿನ್ನ ಅಂಚಿಗೊಂದು ತೂತು ಕೊರೆಯಬೇಕು" ಎಂದಾಗ, ಪರದೆ ತಾನಾಗಿಯೇ ಮೈಯೊಡ್ಡಿತು. ತೂತಿನಲ್ಲಿ ನೀರು ಹಾದುಹೋಯಿತು. ಪರದೆ ಮಸೂರವನ್ನು ಬಿಟ್ಟು ಸರಿಯಿತು; ಪುಡಿ ಉದುರುವುದು ನಿಂತು ಒತ್ತಡ ಇಳಿಯಿತು. ನರದಲ್ಲಿ ಉಳಿದ ಎಳೆಗಳು ಬೆಳಗಿನ ಬಿಸಿಲನ್ನು ಹೊತ್ತು ಮೆದುಳಿನತ್ತ ಮೆಲ್ಲನೆ ನಡೆದವು.